ಸೈಟ್‌ಮ್ಯಾಪಿನಲ್ಲಿ ಸಿಕ್ಕಿಬಿದ್ದ ಏಳು ಪುಟಗಳು

ನಾನು ಸರ್ವೆ ಇಲಾಖೆಯಲ್ಲಿ ನೌಕರಿಯುದ್ದಕ್ಕೂ ಸರಪಳಿ ಎಳೆದವನು. ಸೋಮವಾರಪೇಟೆ ತಾಲೂಕಿನಲ್ಲಿ ನಾನು ಕಾಲಿಡದ ಸರ್ವೆ ನಂಬರೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಹೆಂಡತಿ ಪಕ್ಕದಲ್ಲಿದ್ದರೆ ಅದನ್ನು ತಿದ್ದಿ, "ಜಾರಿ ಬೀಳದ ಸರ್ವೆ ನಂಬರಿಲ್ಲ ಅನ್ನಿ" ಎನ್ನುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು ಅವಳಿಗೆ ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

ನಿವೃತ್ತಿಯಾದ ಮೊದಲ ಮೂರು ತಿಂಗಳು ನಾನು ಮನೆಯನ್ನೇ ಅಳೆದೆ. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಅಡುಗೆಮನೆಯ ಗೋಡೆ ಎಷ್ಟು ಡೊಂಕು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಗೋಡೆ ಎರಡು ಬೆರಳು ಡೊಂಕು ಎಂಬುದನ್ನು ಹೆಂಡತಿಗೆ ದಿನಾ ಹೇಳುತ್ತಿದ್ದೆ. ಒಂದು ದಿನ ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ರೀ, ಮಹಡಿ ಮೇಲಿನ ಎರಡು ರೂಮು ಸುಮ್ನೆ ಬಿದ್ದಿದಾವೆ. ಹೋಮ್‌ಸ್ಟೇ ಮಾಡೋಣ" ಎಂದಳು. ನಾನು ಯೋಚಿಸುವ ಮೊದಲೇ ಪಕ್ಕದ ಮನೆಯ ರೈಟರು ಬೇಲಿಯ ಆಚೆಯಿಂದ, "ಮಾಡಿ ಮಾರಾಯ್ರೇ, ಊಟಕ್ಕೆ ಜನ ಬಂದ್ರೆ ಅಡುಗೆ ರುಚಿ ಬದಲಾಗ್ತದೆ" ಎಂದು ಒಪ್ಪಿಗೆ ಕೊಟ್ಟುಬಿಟ್ಟರು.

ಈ ರೈಟರು ಸಂಪಾಜೆ ಕಡೆಯವರು. ಸಿದ್ದಾಪುರದ ಎಸ್ಟೇಟೊಂದರಲ್ಲಿ ಕೆಲಸಗಾರರ ಹಾಜರಿ ಬರೆಯುವ ರೈಟರಾಗಿ ಇದ್ದು, ಕೊನೆಗೆ ನಮ್ಮ ಪಕ್ಕದಲ್ಲಿ ಎರಡು ಎಕರೆ ಕಾಫಿ ಮಾಡಿಕೊಂಡು ನೆಲೆ ನಿಂತವರು. ನಮ್ಮಿಬ್ಬರಿಗೂ ಮಾಡಲು ಕೆಲಸವಿರಲಿಲ್ಲ. ಹಾಗಾಗಿ ಒಳ್ಳೆಯ ಸ್ನೇಹ.

ಮನೆಗೆ ಅಂಗಳದಲ್ಲಿರುವ ಮರದ ಹೆಸರನ್ನೇ ಇಟ್ಟೆವು. ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸು, ಜೆರಾಕ್ಸು, ಅರ್ಜಿ ತುಂಬುವುದು, ಎಲ್ಲವನ್ನೂ ಒಬ್ಬ ಹೆಂಗಸು ನಡೆಸುತ್ತಾರೆ. ವೆಬ್‌ಸೈಟನ್ನೂ ಮಾಡಿಕೊಡುತ್ತಾರೆ. ಐದು ಪುಟಗಳ ವೆಬ್‌ಸೈಟು ಮಾಡಿಸಿದೆವು: ಮುಖಪುಟ, ರೂಮು, ಊಟ, ಸುತ್ತಮುತ್ತ ನೋಡುವ ಜಾಗ, ನಮ್ಮ ಫೋನು. ಹೊಸ ಪುಟ ಸೇರಿಸುವುದು ಹೇಗೆಂದು ಆಕೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಕಲಿಸಿಕೊಟ್ಟರು. ನಾನು ಆ ಹೊತ್ತಿಗೆ ರೈಟರ ಜೊತೆ ಹೊರಗೆ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಒಳಗೆ ಕೂತು ನಾನೂ ಕೇಳಿಸಿಕೊಂಡಿದ್ದರೆ ಮುಂದೆ ಆದದ್ದು ಯಾವುದೂ ಆಗುತ್ತಿರಲಿಲ್ಲ.

ಎರಡು ತಿಂಗಳಾದರೂ ಒಬ್ಬ ಅತಿಥಿಯೂ ಬರಲಿಲ್ಲ. ಒಂದು ಸಂಜೆ ರೈಟರು ತಮ್ಮ ಫೋನಿನಲ್ಲಿ ನಮ್ಮ ಹೋಮ್‌ಸ್ಟೇ ಹೆಸರು ಹಾಕಿ ಹುಡುಕಿದರು. ಮೊದಲಿಗೆ ಬಾಗಿಲು, ಕಿಟಕಿ ಮಾಡುವ ಒಂದು ಅಂಗಡಿ ಬಂತು. ಆಮೇಲೆ ಆ ಮರದ ತೊಗಟೆಯಿಂದ ಕೂದಲಿಗೆ ಎಣ್ಣೆ ಮಾಡುವವರು ಬಂದರು. ಆಮೇಲೆ ಮರವೇ ಬಂತು. ಅದರ ಬೇರು, ಕಾಂಡ, ಎಲೆಯ ವಿವರವೆಲ್ಲ ಇತ್ತು, ನಾವು ಮಾತ್ರ ಇರಲಿಲ್ಲ.

"ನೀವು ಇಲ್ಲವೇ ಇಲ್ಲ, ಸರ್ವೆಯರೇ" ಎಂದರು ರೈಟರು.

ಇಲ್ಲವೇ ಇಲ್ಲ ಎಂದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ತಕ್ಷಣ ಅಂಗಡಿಯಾಕೆಗೆ ಫೋನು ಮಾಡಿದೆ. ಹಿಂದೆ ಜೆರಾಕ್ಸ್ ಮಷೀನಿನ ಗಡಗಡ ಸದ್ದು. ಆಕೆ ಜೋರಾಗಿ, "ಸಾರ್, ನಿಮ್ ಸೈಟಿಂದು ಸೈಟ್‌ಮ್ಯಾಪ್ ಸಬ್‌ಮಿಟ್ ಆಗಿಲ್ಲ ಅನ್ಸುತ್ತೆ. ಅದನ್ನ ಕೊಟ್ರೆ ಸರ್ಚಲ್ಲಿ ಬರೋಕೆ ಅನುಕೂಲ" ಎಂದರು. "ಸೈಟಿಗೆ ಮ್ಯಾಪ್ ಬೇಕಾ?" ಎಂದೆ. "ಹೂಂ ಸಾರ್, ಬೇಕು. ಯಾವಾಗಾದ್ರೂ ಈ ಕಡೆ ಬನ್ನಿ" ಎಂದು ಫೋನು ಇಟ್ಟರು.

ನನ್ನ ಮೈಯಲ್ಲಿ ಎಷ್ಟೋ ದಿನಗಳ ನಂತರ ರಕ್ತ ಓಡಿತು. ಇಡೀ ತಾಲೂಕಿನ ಸೈಟುಗಳಿಗೆ ಮ್ಯಾಪು ಮಾಡಿದವನ ಸೈಟಿಗೆ ಮ್ಯಾಪು ಇಲ್ಲವಂತೆ! ಅಟ್ಟ ಹತ್ತಿ ಹಳೆಯ ಸರಪಳಿ ಇಳಿಸಿದೆ. ಮಾರನೆಯ ದಿನ ಬೆಳಿಗ್ಗೆ ರೈಟರನ್ನು ಕರೆದು ಇನ್ನೊಂದು ತುದಿ ಹಿಡಿಸಿದೆ.

"ಅಲ್ಲ ಮಾರಾಯ್ರೇ, ಫೋನಿನೊಳಗೆ ಹೋಗ್ಲಿಕ್ಕೆ ಸರಪಳಿ ಎಂತಕ್ಕೆ?" ಎಂದು ಅವರು ಒಮ್ಮೆ ಕೇಳಿದರು.

"ಸರಿಯಾಗಿ ಹಿಡ್ಕೊಳ್ಳಿ ರೈಟರೇ. ಜನ ಬರಬೇಕಾದ್ರೆ ಜಾಗ ಎಲ್ಲಿ ಅಂತ ಗೊತ್ತಾಗಬೇಡ್ವಾ?" ಎಂದೆ.

ಅವರು ಒಪ್ಪಿದರು. ವಾದದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಎರಡು ದಿನ ಅಳೆದೆವು. ಎರಡನೆಯ ದಿನ ಗಡಿಯ ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಗೆರೆ ಹಿಡಿದಾಗ ಗೊತ್ತಾಯಿತು, ನನ್ನ ಹೆಂಡತಿಯ ಕೋಳಿಗೂಡು ಒಂದೂವರೆ ಅಡಿ ರೈಟರ ಕಾಫಿ ತೋಟದೊಳಗೆ ಇತ್ತು. ನಾನು ಅದನ್ನು ಹೇಳದೆ ಮುಚ್ಚಿಡಬಹುದಿತ್ತು. ಆದರೆ ಅಳತೆಯಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಹೇಳಿದೆ. ರೈಟರು ಗೂಡಿನ ಮುಂದೆ ಬಗ್ಗಿ ನಿಂತು, "ಹಾಗಾದ್ರೆ ಈ ಮೂಲೆಯಲ್ಲಿ ಇಟ್ಟ ಮೊಟ್ಟೆ ನಮ್ಮದು" ಎಂದರು. ಹೆಂಡತಿ ಹೊರಗೆ ಬಂದು, "ಕೋಳಿ ಎಲ್ಲಿ ಕೂತು ಮೊಟ್ಟೆ ಇಟ್ರೂ ಕಾಳು ಹಾಕಿದೋರು ನಾವು" ಎಂದಳು. ಅಲ್ಲಿಂದ ಒಂದು ವಾರ ರೈಟರು ದಿನವೂ ಬೆಳಿಗ್ಗೆ ಬೇಲಿಯಿಂದ ಕೈ ಚಾಚಿ ಆ ಮೂಲೆಯನ್ನು ತಡವಿ ನೋಡುತ್ತಿದ್ದರು. ಕೋಳಿಗಳು ಗಾಬರಿಯಾಗಿ ಎರಡೂ ಕಡೆ ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು.

ಮ್ಯಾಪು ಮಾತ್ರ ಅದ್ಭುತವಾಗಿ ಬಂತು. ದಪ್ಪ ಹಾಳೆಯ ಮೇಲೆ ಕಪ್ಪು ಶಾಯಿ, ಮೇಲೆ ಬಲಕ್ಕೆ ಉತ್ತರ ದಿಕ್ಕಿನ ಬಾಣ, ಕೆಳಗೆ ಸ್ಕೇಲು. ಬಾವಿಗೆ ನೀಲಿ ವೃತ್ತ, ಕೋಳಿಗೂಡಿಗೆ ಚುಕ್ಕೆ ಗೆರೆ, ವಿವಾದದ ಜಾಗವಾದ್ದರಿಂದ. ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸಂತೆಯ ದಿನ ಬಸ್ಸು ಹತ್ತಿದೆ. ನೆಂಟರ ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ.

ಅಂಗಡಿಯಾಕೆ ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಸ್ಟೇಪ್ಲರ್ ಇಟ್ಟು ನೋಡಿದರು.

"ಸಾರ್, ಇದು ಏನು?"

"ಸೈಟ್ ಮ್ಯಾಪು. ನೀವೇ ಹೇಳಿದ್ರಲ್ಲ, ಸಬ್‌ಮಿಟ್ ಮಾಡಿ ಅಂತ."

ಆಕೆ ನಗಲಿಲ್ಲ. ಅದು ಅವರ ದೊಡ್ಡತನ. ತುಟಿ ಕಚ್ಚಿಕೊಂಡು ಒಳಗೆ ಹೋದರು. ಒಳಗೆ ಕಾಗದದ ಬಂಡಲುಗಳ ಹಿಂದಿನಿಂದ ಕೆಮ್ಮಿನಂಥ ಸದ್ದು ಬಂತು. ಹೊರಗೆ ಬಂದು ಕಣ್ಣು ಒರೆಸಿಕೊಂಡು, "ಸಾರ್, ತುಂಬಾ ಚೆನ್ನಾಗಿದೆ. ಆದ್ರೆ ಈ ಸೈಟ್ ಬೇರೆ, ಆ ಸೈಟ್ ಬೇರೆ. ಕೂತ್ಕೊಳ್ಳಿ, ತೋರಿಸ್ತೀನಿ" ಎಂದರು.

ಕಂಪ್ಯೂಟರಿನಲ್ಲಿ ನಮ್ಮ ವೆಬ್‌ಸೈಟಿನ ವಿಳಾಸ ಹಾಕಿ, ಅದರ ಮುಂದೆ ಒಂದು ಗೀಟು ಎಳೆದು ಸೈಟ್‌ಮ್ಯಾಪ್, ಚುಕ್ಕೆ, ಎಕ್ಸ್‌ಎಂಎಲ್ ಎಂದು ಒತ್ತಿದರು. ಪರದೆಯ ತುಂಬ ಅಕ್ಷರ. ಬಾಣವಿಲ್ಲ, ಸ್ಕೇಲಿಲ್ಲ.

"ಇದ್ರಲ್ಲಿ ನಕ್ಷೆ ಎಲ್ಲಿದೆ?" ಎಂದೆ.

"ನಕ್ಷೆ ಅಲ್ಲ ಸಾರ್, ಪಟ್ಟಿ. ನಿಮ್ಮ ವೆಬ್‌ಸೈಟಲ್ಲಿ ಯಾವ್ಯಾವ ಪುಟ ಇದಾವೆ, ಒಂದೊಂದರ ವಿಳಾಸ ಏನು, ಕೊನೇ ಸಲ ಯಾವತ್ತು ತಿದ್ದಿದ್ದು, ಅಷ್ಟೇ. ಇದನ್ನ ಜನ ಓದೋದಿಲ್ಲ. ಸರ್ಚ್ ಇಂಜಿನ್ ಓದುತ್ತೆ. ಅದು ಸಾಮಾನ್ಯವಾಗಿ ಒಂದು ಪುಟದಲ್ಲಿರೋ ಲಿಂಕ್ ಹಿಡ್ಕೊಂಡು ಇನ್ನೊಂದು ಪುಟಕ್ಕೆ ಹೋಗುತ್ತೆ. ಯಾವುದಾದ್ರೂ ಪುಟಕ್ಕೆ ದಾರಿ ಸಿಗದಿದ್ರೆ ಅದು ಇದೆ ಅಂತಾನೇ ಗೊತ್ತಾಗಲ್ಲ. ಈ ಪಟ್ಟಿ ಕೊಟ್ರೆ ಗೊತ್ತಾಗುತ್ತೆ."

"ಅಂದ್ರೆ ಪಹಣಿ ಇದ್ದ ಹಾಗೆ!" ಎಂದೆ. ಯಾವ ನಂಬರಿನ ಜಮೀನು, ಎಲ್ಲಿದೆ ಎಂಬ ದಾಖಲೆ ನನಗೆ ಚೆನ್ನಾಗಿ ಗೊತ್ತಿತ್ತಲ್ಲ.

"ಹಾಗೇ ಅಂದ್ಕೊಳ್ಳಿ ಸಾರ್. ಆದ್ರೆ ಪಟ್ಟಿ ಕೊಟ್ಟ ಮಾತ್ರಕ್ಕೆ ತಗೊಳ್ಳಲೇಬೇಕು ಅಂತೇನಿಲ್ಲ. ಅದಕ್ಕೆ ಇಷ್ಟ ಬಂದ್ರೆ ತಗೊಳ್ಳುತ್ತೆ."

"ನಮ್ಮ ಇಲಾಖೆ ಥರ."

"ಅದನ್ನ ನಾನು ಹೇಳಲ್ಲ ಸಾರ್."

ನಾನು ಕನ್ನಡಕ ಏರಿಸಿ ಸಾಲು ಎಣಿಸಿದೆ. ಐದು ಪುಟವಿರಬೇಕಾದಲ್ಲಿ ಹನ್ನೆರಡು ಸಾಲಿತ್ತು. ಮೊದಲ ಐದು ಇಂಗ್ಲಿಷಿನಲ್ಲಿ ನೆಟ್ಟಗಿದ್ದವು. ಉಳಿದ ಏಳು ಸಾಲುಗಳಲ್ಲಿ ಬರೀ ಶೇಕಡಾ ಗುರುತು, ಮಧ್ಯೆ ಮಧ್ಯೆ ಒಂದೊಂದು ಇಂಗ್ಲಿಷ್ ಅಕ್ಷರ, ಅಂಕಿ. ಒಂದೊಂದೂ ಒಂದು ಗೇಣುದ್ದ.

"ಇವೇನು?"

"ಪುಟಕ್ಕೆ ಕನ್ನಡದಲ್ಲಿ ಹೆಸರು ಕೊಟ್ರೆ ಇಲ್ಲಿ ಹೀಗೆ ಕಾಣುತ್ತೆ ಸಾರ್. ಟೀಚರ್ ಸೇರಿಸಿರ್ಬೇಕು. ಎಲ್ಲಾನೂ ಇರ್ಲಾ? ಬೇಡದ್ದನ್ನ ಬಿಡಬಹುದು."

ಹೆಂಡತಿ ಅಡುಗೆಯ ಬಗ್ಗೆಯೋ ಹೂವಿನ ಬಗ್ಗೆಯೋ ಬರೆದಿರುತ್ತಾಳೆ ಎಂದುಕೊಂಡೆ. ಆಕೆ ಪಾಪ, ಆ ಪುಟಗಳನ್ನು ತೆರೆದು ತೋರಿಸಲೇ ಎಂದು ಕೇಳಿದರು. ಬಸ್ಸಿಗೆ ಹೊತ್ತಾಗಿತ್ತು. ಅಲ್ಲದೆ ನನ್ನ ನೌಕರಿಯಲ್ಲಿ ಒಂದೇ ಒಂದು ತುಂಡು ಜಮೀನನ್ನೂ ದಾಖಲೆಯಿಂದ ಬಿಟ್ಟವನಲ್ಲ.

"ಎಲ್ಲಾ ಇರ್ಲಿ. ಒಂದೂ ಬಿಡಬೇಡಿ" ಎಂದು ಗಂಭೀರವಾಗಿ ಹೇಳಿದೆ.

ಆಕೆ ಸರ್ಚ್ ಇಂಜಿನ್ನಿನವರ ಪುಟ ತೆಗೆದು, ಪಟ್ಟಿಯ ವಿಳಾಸ ತುಂಬಿದರು. ಕೊನೆಯ ಬಟನ್ನನ್ನು ನನ್ನ ಕೈಯಲ್ಲೇ ಒತ್ತಿಸಿದರು. ಉದ್ಘಾಟನೆ ಮಾಡಿದಷ್ಟೇ ಸಂತೋಷವಾಯಿತು. ನನ್ನ ಶಾಯಿಯ ಮ್ಯಾಪನ್ನೂ ಬಿಸಾಡಲಿಲ್ಲ. ಸ್ಕ್ಯಾನ್ ಮಾಡಿ 'ನಮ್ಮ ಫೋನು' ಪುಟದ ಕೆಳಗೆ ಹಾಕಿಕೊಟ್ಟರು.

ಕೊನೆಯ ಸಲ ತಿದ್ದಿದ ದಿನಾಂಕ ಹೊಸದಾದರೆ ಸರ್ಚ್ ಇಂಜಿನ್ ಮತ್ತೆ ಬಂದು ನೋಡಬಹುದು ಎಂದು ಆಕೆ ಹೊರಡುವಾಗ ಬಾಯಿಮಾತಿಗೆ ಹೇಳಿದ್ದರು. ನಾನು ಅದನ್ನೇ ಹಿಡಿದುಕೊಂಡೆ. ಹೆಂಡತಿಯಿಂದ ಮುಖಪುಟ ತೆರೆಯುವುದನ್ನು ಕಲಿತು, ದಿನವೂ ಕಾಫಿ ಕುಡಿದ ಮೇಲೆ ಒಂದು ಅಲ್ಪವಿರಾಮ ಹಾಕುತ್ತಿದ್ದೆ. ಮಾರನೆಯ ದಿನ ಅದನ್ನು ತೆಗೆಯುತ್ತಿದ್ದೆ. ಹತ್ತು ದಿನಕ್ಕೆ ಅಂಗಡಿಯಾಕೆಯ ಫೋನು ಬಂತು.

"ಸಾರ್, ದಿನಾ ಏನ್ ತಿದ್ದುತಿದೀರಾ?"

"ಅಲ್ಪವಿರಾಮ."

"ಬೇಡ ಸಾರ್. ಒಳಗೆ ಏನೂ ಬದಲಾಗದೆ ದಿನಾಂಕ ಮಾತ್ರ ಬದಲಾಗ್ತಾ ಇದ್ರೆ ಅದು ನಿಮ್ಮ ದಿನಾಂಕ ನಂಬೋದೇ ನಿಲ್ಸುತ್ತೆ. ನಿಜವಾಗಿ ತಿದ್ದೋದಿದ್ದಾಗ ಮಾತ್ರ ತಿದ್ದಿ."

ಯಂತ್ರಕ್ಕೂ ನನ್ನ ಮೇಲೆ ಅನುಮಾನ ಬಂತಲ್ಲ ಎಂದು ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಸುಮಾರು ಒಂದು ತಿಂಗಳಾದ ಮೇಲೆ ಮೊದಲ ಫೋನು ಬಂತು. ಒಬ್ಬ ಹೆಂಗಸು. ಸ್ವಲ್ಪ ತಡೆದು ತಡೆದು, "ಸರ್, ನಿಮ್ಮಲ್ಲಿ ಬಿಸಿನೀರು ಹತ್ತು ನಿಮಿಷಕ್ಕೆ ಬರುತ್ತಂತಲ್ಲ?" ಎಂದರು.

"ಬರುತ್ತೆ ಮೇಡಂ, ಹತ್ತೇ ನಿಮಿಷ."

ಆ ಕಡೆ ಎರಡು ಮೂರು ಜನ ಒಟ್ಟಿಗೆ ನಕ್ಕರು. ಫೋನು ಕಡಿದುಹೋಯಿತು. ಎರಡು ದಿನ ಬಿಟ್ಟು ಒಬ್ಬ ಗಂಡಸು ಫೋನು ಮಾಡಿ, "ಯಜಮಾನರ ಹತ್ತಿರ ಹುಲಿ ಕಥೆ ಕೇಳಲೇಬೇಕಾ, ಅಥವಾ ಕೇಳದೇ ಇರೋರಿಗೆ ಬೇರೆ ರೂಮಿದೆಯಾ?" ಎಂದ. ನನ್ನ ಹುಲಿ ಕಥೆ ಇವನಿಗೆ ಹೇಗೆ ಗೊತ್ತು? ನನ್ನ ಕೀರ್ತಿ ಇಲಾಖೆಯ ಹೊರಗೂ ಹಬ್ಬಿದೆ ಎಂದು ನನಗೆ ಹೆಮ್ಮೆಯೇ ಆಯಿತು. "ಎಲ್ಲಾ ರೂಮಿಗೂ ಬಂದು ಹೇಳ್ತೀನಿ" ಎಂದೆ. ಅವನೂ ಫೋನು ಇಟ್ಟುಬಿಟ್ಟ.

ಆ ಸಂಜೆ ರೈಟರು ಜಗಲಿಗೆ ಬಂದು ಮತ್ತೆ ನಮ್ಮ ಹೆಸರು ಹಾಕಿ ಹುಡುಕಿದರು. "ಬಂತು! ಬಂತು ಮಾರಾಯ್ರೇ, ನಿಮ್ಮ ಮನೆ ಬಂತು!" ಎಂದು ಕೂಗಿದರು. ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. ಮೇಲೆ ಬಂದದ್ದು ಮುಖಪುಟವಲ್ಲ. 'ಅತಿಥಿಗಳ ಮುಂದೆ ಹೇಳಬಾರದ್ದು' ಎಂಬ ತಲೆಬರಹ.

"ಇದೆಂತ?" ಎಂದು ರೈಟರು ಗಟ್ಟಿಯಾಗಿ ಓದತೊಡಗಿದರು. ಹಾಜರಿ ಕರೆದು ಕರೆದು ಅವರಿಗೆ ದೊಡ್ಡ ಗಂಟಲು.

"ಒಂದು. ಗೀಸರ್ ನೀರು ಕಾಯಲು ಇಪ್ಪತ್ತೈದು ನಿಮಿಷ ಬೇಕು. ಹತ್ತು ಎನ್ನಬೇಕು. ಅಷ್ಟರಲ್ಲಿ ಕಾಫಿ ಕೊಟ್ಟು ಊರಿನ ಬಗ್ಗೆ ಕೇಳಬೇಕು.

"ಎರಡು. ಆನೆ ಬರುತ್ತದೆಯೇ ಎಂದರೆ ಮುಖ ನೋಡಿ ಹೇಳಬೇಕು. ಬರಲಿ ಎಂಬ ಮುಖವಾದರೆ, ಹೋದ ವಾರ ಆ ಕಡೆ ಬಂದಿತ್ತು. ಬರದಿರಲಿ ಎಂಬ ಮುಖವಾದರೆ, ಇಲ್ಲಿಗೆ ಯಾಕೆ ಬರುತ್ತದೆ.

"ಮೂರು. ಬೆಟ್ಟ ಕಾಣುವುದು ಕಿಟಕಿಯಿಂದಲ್ಲ, ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ. ಕೇಳುವವರೆಗೂ ಹೇಳಬಾರದು.

"ನಾಲ್ಕು. ಕಡಂಬುಟ್ಟು ಗಟ್ಟಿಯಾದರೆ, ಇದೇ ಇಲ್ಲಿಯ ಹಳೆಯ ಪದ್ಧತಿ ಎನ್ನಬೇಕು."

ಅಕ್ಕಿತರಿಯ ಆ ಉಂಡೆಗಳನ್ನು ಹೆಂಡತಿ ರೈಟರ ಮನೆಯವರಿಂದಲೇ ಕಲಿತಿದ್ದಳು. "ಓಹೋ, ಕಲಿಸಿದ್ದು ನಾವು, ಗಟ್ಟಿ ಮಾಡಿದ್ದು ಇವರು, ಪದ್ಧತಿ ನಮ್ಮ ತಲೆಗೆ!" ಎಂದು ರೈಟರು ಗಹಗಹಿಸಿ ನಕ್ಕರು. ಮುಂದೆ ಓದಿದರು.

"ಐದು. ಇವರು ಹುಲಿ ಕಥೆ ಶುರು ಮಾಡಿದರೆ, ಕುಕ್ಕರ್ ಸೀದ ವಾಸನೆ ಎಂದು ಅಡುಗೆಮನೆಯಿಂದ ಕೂಗಬೇಕು. ಇವರು ನೋಡಿದ್ದು ಕಾಡುಬೆಕ್ಕು."

ರೈಟರ ದನಿ ತಗ್ಗಿತು. ನನ್ನ ಕಡೆ ನೋಡಲಿಲ್ಲ. ನಾನು ಅಂಗಳದ ಕಡೆ ನೋಡಿದೆ. ಸರ್ವೆ ಕಲ್ಲೊಂದರ ಮೇಲೆ ಕೂತು ನನ್ನನ್ನು ದುರುಗುಟ್ಟಿದ ಆ ಹುಲಿಯನ್ನು ನಾನು ಇಪ್ಪತ್ತು ವರ್ಷದಿಂದ ಸಾಕಿಕೊಂಡು ಬಂದಿದ್ದೆ. ರೈಟರಿಗೇ ನೂರು ಸಲ ಹೇಳಿರಬಹುದು. ಅವರು ಪ್ರತಿ ಸಲವೂ ಹೊಸದಾಗಿ ಹೆದರಿದ್ದರು.

"ಇರ್ಲಿ ಬಿಡಿ. ದೂರದಿಂದ ಎಲ್ಲಾ ಒಂದೇ ಥರ ಕಾಣ್ತದೆ" ಎಂದು ಸಮಾಧಾನ ಹೇಳಿ, ಮಾತು ಬದಲಿಸಲು ಆರನೆಯದನ್ನು ಓದಿದರು.

"ಆರು. ಪಕ್ಕದ ಮನೆ ರೈಟರು ಊಟದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅತಿಥಿಗಳು ಅವರು ಯಾರು ಎಂದು ಕೇಳಿದರೆ, ತೋಟದ ಮಾಹಿತಿ ಕೊಡುವವರು ಎನ್ನಬೇಕು. ಪಲ್ಯ ಒಂದು ಹಿಡಿ ಹೆಚ್ಚು ಮಾಡಬೇಕು."

ಅಷ್ಟರಲ್ಲಿ ಹೆಂಡತಿ ಮೂರು ಲೋಟ ಕಾಫಿ ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿ, "ಯಾರು ಹೋದ್ರು?" ಎಂದು ಕೇಳಿದಳು. ರೈಟರು ಫೋನನ್ನು ಅವಳ ಕಡೆ ತಿರುಗಿಸಿದರು.

ಅವಳು ಓದಿ, ಕೆಂಪಗಾಗಿ, ಬಿಳುಚಿ, ಮತ್ತೆ ಕೆಂಪಗಾದಳು. "ಅಯ್ಯೋ! ಅದು ನನ್ನ ನೋಟ್ಸು ಕಣ್ರೀ! ಸೈಟಿನ ಮೆನುನಲ್ಲಿ ಹಾಕೇ ಇಲ್ಲ ಅದನ್ನ! ಮೆನುನಲ್ಲಿ ಇಲ್ದಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ!"

"ಡ್ರಾಫ್ಟು ಅಂತ ಇಡಬಹುದಿತ್ತಲ್ಲ ಟೀಚರೇ?" ಎಂದರು ರೈಟರು.

"ಡ್ರಾಫ್ಟು ಅಂದ್ರೆ ಕಚ್ಚಾ ಅಂತ ಅಲ್ವಾ? ಅಳಿಸಿ ಹೋದ್ರೆ ಏನ್ಗತಿ ಅಂತ ಪಬ್ಲಿಶ್ ಒತ್ತಿದೆ. ಇಷ್ಟು ದಿನ ಯಾರಿಗೂ ಸಿಕ್ಕಿರ್ಲಿಲ್ಲ. ಈಗ ಹೇಗೆ ಸಿಕ್ತು?"

ಅವಳು ನನ್ನ ಕಡೆ ತಿರುಗಿದಳು. ಒಂದೂ ಬಿಡಬೇಡಿ ಎಂದು ಹೇಳಿ ಬಟನ್ ಒತ್ತಿದ ಬೆರಳನ್ನು ನಾನು ಮೆಲ್ಲಗೆ ಅಂಗಿಯ ಜೇಬಿಗೆ ಹಾಕಿದೆ. ಎಲ್ಲವನ್ನೂ ಹೇಳಬೇಕಾಯಿತು. ಹೇಳಿ ಮುಗಿಯುವಾಗ ಕಾಫಿ ಆರಿಹೋಗಿತ್ತು. ಯಾರು ಯಾರ ಮೇಲೆ ಸಿಟ್ಟಾಗಬೇಕು ಎಂಬುದು ತೀರ್ಮಾನವಾಗದೆ ಮೂವರೂ ಅದನ್ನೇ ಕುಡಿದೆವು. ರೈಟರು ಆ ದಿನ ಊಟಕ್ಕೆ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಒಂದು ಹಿಡಿ ಪಲ್ಯ ಉಳಿಯಿತು. ಹೆಂಡತಿ ಅದನ್ನು ನೋಡುತ್ತಾ ನಿಂತವಳು, ಡಬ್ಬಿಗೆ ಹಾಕಿ ಬೇಲಿಯ ಮೇಲಿಂದ ಕೊಟ್ಟು ಬಂದಳು. ಡಬ್ಬಿ ಖಾಲಿಯಾಗಿ ವಾಪಸು ಬಂದದ್ದರಿಂದ ಸಂಬಂಧ ಕೆಟ್ಟಿಲ್ಲ ಎಂದು ತಿಳಿಯಿತು.

ಮರುದಿನ ಮೊದಲ ಬಸ್ಸಿಗೇ ಇಬ್ಬರೂ ಅಂಗಡಿಗೆ ಓಡಿದೆವು. "ಆ ಪಟ್ಟಿಯಿಂದ ಹೊಡೆದು ಹಾಕಿ" ಎಂದೆ.

"ಪಟ್ಟಿಯಿಂದ ತೆಗೆದ್ರೆ ಮಾತ್ರ ಆಗಲ್ಲ ಸಾರ್" ಎಂದರು ಆಕೆ. "ಅದಕ್ಕೆ ಈಗಾಗ್ಲೇ ಗೊತ್ತಾಗಿಹೋಗಿದೆ. ಒಂದೋ ಪುಟಾನೇ ಅಳಿಸ್ಬೇಕು, ಇಲ್ಲಾ ಇದನ್ನ ಸರ್ಚಲ್ಲಿ ತೋರಿಸ್ಬೇಡ ಅಂತ ಆ ಪುಟದ ಒಳಗೇ ಗುರುತು ಹಾಕ್ಬೇಕು. ಅದು ಮತ್ತೆ ಬಂದು ನೋಡಿದ್ಮೇಲೆ ತೆಗೆಯುತ್ತೆ. ಯಾವುದು ಮಾಡ್ಲಿ?"

"ಅಳಿಸಿ" ಎಂದು ಹೆಂಡತಿ ಹೇಳುವುದಕ್ಕೂ ನನ್ನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಮೊದಲು ಬಿಸಿನೀರಿನ ಬಗ್ಗೆ ಕೇಳಿ ಫೋನು ಕಡಿದ ಹೆಂಗಸೇ. ಮೈಸೂರಿನವರು, ನಿವೃತ್ತ ಟೀಚರು. ಜೊತೆಗೆ ಇನ್ನಿಬ್ಬರು ಗೆಳತಿಯರು.

"ಸರ್, ಅವತ್ತು ನಕ್ಕಿದ್ದಕ್ಕೆ ತಪ್ಪು ತಿಳ್ಕೋಬೇಡಿ. ನಾವು ಮೂರು ಜನ ಎರಡು ದಿನ ಬರ್ಬೇಕು ಅಂತಿದೀವಿ. ಎಲ್ಲಾ ಕಡೆ ಸುಳ್ಳು ಹೇಳ್ತಾರೆ. ಏನೇನು ಸುಳ್ಳು ಹೇಳ್ತೀವಿ ಅಂತ ಮೊದ್ಲೇ ಬರೆದು ಹಾಕಿರೋದು ನಿಮ್ಮೊಬ್ರದ್ದೇ."

ಹೆಂಡತಿಗೆ ಫೋನು ಕೊಟ್ಟೆ. ಅವಳು "ಹೂಂ... ಹೂಂ... ಅಯ್ಯೋ ಅದೆಲ್ಲಾ... ಹೂಂ, ಬನ್ನಿ" ಎಂದು ಇಟ್ಟು, ಅಂಗಡಿಯಾಕೆಗೆ, "ಮೇಡಂ, ಅದೊಂದು ಇರ್ಲಿ. ಸದ್ಯಕ್ಕೆ ಏನೂ ಮುಟ್ಟಬೇಡಿ. ಇವರು ಬಂದು ಹೋಗ್ಲಿ" ಎಂದಳು.

ಹೀಗೆ ನಮ್ಮ ಮೊದಲ ಅತಿಥಿಗಳು ಬಂದರು. ಬಂದವರೇ ಒಬ್ಬರು ಗೀಸರ್ ಒತ್ತಿ ವಾಚು ಹಿಡಿದು ಕೂತರು. ಇಪ್ಪತ್ತೇಳು ನಿಮಿಷವಾಯಿತು. "ಟೀಚರ್, ಎರಡು ನಿಮಿಷ ಕಮ್ಮಿ ಬರೆದಿದೀರಿ" ಎಂದು ಮಹಡಿಯಿಂದ ಕೂಗಿದರು. ಇನ್ನೊಬ್ಬರು ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿನ ಟ್ಯಾಂಕು ಹತ್ತಿದರು. ಬೆಟ್ಟ ಕಂಡಿತು. ಇಳಿಯಲು ಆಗಲಿಲ್ಲ. ರೈಟರು ತಮ್ಮ ಮನೆಯಿಂದ ಕಾಳುಮೆಣಸು ಕೊಯ್ಯುವ ಏಣಿ ತಂದು ಇಳಿಸಿದರು. ಇಳಿದ ಮೇಲೆ ಆಕೆ, "ನೀವೇ ಅಲ್ವಾ ಆರನೇ ನಂಬರು?" ಎಂದು ಕೈ ಮುಗಿದರು. ರೈಟರು ಎದೆ ಉಬ್ಬಿಸಿ, "ಹೌದು, ತೋಟದ ಮಾಹಿತಿ ನಾನೇ ಕೊಡೋದು" ಎಂದರು. ಊಟಕ್ಕೆ ಅವರನ್ನು ಅತಿಥಿಗಳೇ ಕರೆದು ಕೂರಿಸಿದರು. ಕಡಂಬುಟ್ಟು ಅಂದು ಮೆತ್ತಗಾಗಿತ್ತು. ಹಳೆಯ ಪದ್ಧತಿಯದ್ದು ಸಿಗಲಿಲ್ಲ ಎಂದು ಮೂವರಿಗೂ ನಿರಾಶೆ.

ಊಟವಾದ ಮೇಲೆ ಹುಲಿ ಕಥೆ ಹೇಳಿ ಎಂದು ಹಿಡಿದರು. ನಾನು ಒಲ್ಲೆ ಎಂದೆ. ಬಿಡಲಿಲ್ಲ. ಕೊನೆಗೆ ಹೇಳಿದೆ. ಮೊದಲ ಬಾರಿಗೆ, ಇದ್ದದ್ದು ಇದ್ದ ಹಾಗೆ. ಬಾಂದುಕಲ್ಲಿನ ಮೇಲೆ ಕೂತ ಪಟ್ಟೆಯ ಕಾಡುಬೆಕ್ಕು, ಅದನ್ನು ಕಂಡು ನಾನು ಸರಪಳಿ ಬಿಸಾಡಿ ಓಡಿದ್ದು, ಓಡುವಾಗ ಪಂಚೆ ಮುಳ್ಳಿಗೆ ಸಿಕ್ಕಿದ್ದು, ಊರ ಮುಂದೆ ಟವೆಲ್ಲು ಸುತ್ತಿಕೊಂಡು ನಿಂತು "ಹುಲಿ" ಎಂದದ್ದು, ಹತ್ತಾರು ಜನ ಕತ್ತಿ ಕೋವಿ ಹಿಡಿದು ಹೋಗಿ ನನ್ನ ಪಂಚೆಯನ್ನು ಮಾತ್ರ ಹಿಡಿದು ತಂದದ್ದು. ಹುಲಿಯ ಕಥೆಗೆ ಜನ ಹೂಂಗುಟ್ಟುತ್ತಿದ್ದರು, ಅಷ್ಟೇ. ಬೆಕ್ಕಿನ ಕಥೆಗೆ ಆ ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರೈಟರಿಗಂತೂ ಉಸಿರು ಸಿಕ್ಕಿಕೊಂಡು ಬೆನ್ನು ತಟ್ಟಬೇಕಾಯಿತು. ಮಧ್ಯೆ ಅಡುಗೆಮನೆಯಿಂದ, "ರೀ, ಕುಕ್ಕರ್ ಸೀದ ವಾಸನೆ!" ಎಂದು ಹೆಂಡತಿ ಕೂಗಿದಳು. ಐದನೇ ನಂಬರು, ಐದನೇ ನಂಬರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಏಳಲಿಲ್ಲ. ಅವಳು ಮೂರು ಸಲ ಕೂಗಿದಳು, ಮೂರು ಸಲವೂ ಚಪ್ಪಾಳೆ ಬಿತ್ತು. ಕುಕ್ಕರ್ ನಿಜವಾಗಿಯೂ ಸೀದುಹೋಗಿತ್ತು, ಬೆಳಗಿನ ತಿಂಡಿಗೆ ನಾದುತ್ತಿದ್ದ ಅವಳ ಎರಡೂ ಕೈ ಹಿಟ್ಟಿನಲ್ಲಿದ್ದುದರಿಂದ ಒಲೆ ಆರಿಸಲು ನನ್ನನ್ನು ಕರೆದಿದ್ದಳು. ಆ ಕುಕ್ಕರಿನ ತಳ ಉಜ್ಜಲು ಮಾರನೆಯ ದಿನ ಬೆಳಿಗ್ಗೆಯೆಲ್ಲ ನಾನು ಬಾವಿಕಟ್ಟೆಯ ಮೇಲೆ ಕೂತೆ.

ಅತಿಥಿಗಳು ಹೋದ ಮೇಲಿನ ಸಂತೆಯ ದಿನ ಮತ್ತೆ ಅಂಗಡಿಗೆ ಹೋದೆವು. ಉಳಿದ ಆರು ಪುಟಗಳ ತೀರ್ಮಾನ ಆಗಬೇಕಿತ್ತು. ಹೆಂಡತಿ ಸೊಪ್ಪು ತರಲು ಸಂತೆಗೆ ಹೋಗುವಾಗ, "ಆರೂ ಅಳಿಸಿ ಮೇಡಂ. ಇವರಿಗೆ ತೋರಿಸ್ಬೇಡಿ" ಎಂದು ಹೇಳಿಯೇ ಹೋದಳು. ಅಂಗಡಿಯಾಕೆ ತೋರಿಸಲಿಲ್ಲ. ಆದರೆ ಅಳಿಸಲು ಒಂದೊಂದನ್ನೂ ತೆರೆಯಬೇಕಿತ್ತು, ನಾನು ಪಕ್ಕದಲ್ಲೇ ಕೂತಿದ್ದೆ, ಕನ್ನಡಕವೂ ಮೂಗಿನ ಮೇಲಿತ್ತು.

ಒಂದು, ಪಂಚಾಯಿತಿಗೆ ಬೀದಿದೀಪದ ಬಗ್ಗೆ ಬರೆದ ಅರ್ಜಿ. ಒಂದು, ಅವಳ ತಂಗಿಯ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂಬ ಪಟ್ಟಿ, ಷರಾ ಸಮೇತ. ಒಂದು ಉಪ್ಪಿನಕಾಯಿ. ಒಂದು ಕೋಳಿಗಳ ಹಾಜರಿ. ಒಂದರಲ್ಲಿ ತಲೆಬರಹ ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ.

ಕೊನೆಯದರ ತಲೆಬರಹ 'ಇವರಿಗೆ ಏನು ಕೆಲಸ ಕೊಡುವುದು'. ಕೆಳಗೆ ಸಾಲುಸಾಲಾಗಿ ಬರೆದು, ಅವಳ ಅಭ್ಯಾಸದಂತೆ ಎದುರಿಗೆ ಷರಾ ಹಾಕಿದ್ದಳು. ಜೇನುಪೆಟ್ಟಿಗೆ: ಹೆದರುತ್ತಾರೆ. ತರಕಾರಿ ತೋಟ: ಅಳೆಯುತ್ತಾರೆ, ನೆಡುವುದಿಲ್ಲ. ಸಂಘದ ಕಾರ್ಯದರ್ಶಿ: ಜಗಳ. ಕೊನೆಯ ಸಾಲು, ಮಹಡಿ ರೂಮು ಬಾಡಿಗೆಗೆ: ಹೊಸ ಹೊಸ ಜನ ಬರುತ್ತಾರೆ, ಇವರಿಗೆ ಮಾತಾಡಲು ಸಿಗುತ್ತಾರೆ, ಅಡುಗೆಮನೆ ಗೋಡೆ ಮರೆಯಬಹುದು.

"ಅಳಿಸ್ಲಾ ಸಾರ್?" ಎಂದರು ಆಕೆ, ನನ್ನ ಮುಖ ನೋಡದೆ.

"ಒಂದು ಪ್ರಿಂಟ್ ತೆಗೆದು ಅಳಿಸಿ" ಎಂದೆ.

ಆಕೆ ಪ್ರಿಂಟು ಕೊಟ್ಟು, ಪುಟ ಅಳಿಸಿ, ಪಟ್ಟಿಯನ್ನು ಮತ್ತೆ ತೆರೆದು ತೋರಿಸಿದರು. ಆರು ಸಾಲು. ಐದು ನೆಟ್ಟಗಿನವು, ಒಂದು ಶೇಕಡಾ ಗುರುತಿನದು. ನಾನು ಕಾಗದವನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು. ಊರ ಹೊರಗಿನ ತಿರುವು ದಾಟಿದ ಮೇಲೆ, "ಏನಾದ್ರೂ ಓದಿದ್ರಾ?" ಎಂದು ಕೇಳಿದಳು.

"ಏನೂ ಇಲ್ಲಪ್ಪ. ಕನ್ನಡಕಾನೇ ಹಾಕಿರ್ಲಿಲ್ಲ" ಎಂದೆ.

ಅವಳು ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ನೋಡಿದಳು. ಸೊಪ್ಪಿನ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ, ಕೊತ್ತಂಬರಿ ಮುರಿಯುತ್ತೆ" ಎಂದು ಕಿಟಕಿಯ ಕಡೆ ತಿರುಗಿದಳು.